ಕೂಸು ಕಕ್ಕಿದ್ದಕ್ಕ ನಮ್ಮ ಊಟದ ಮ್ಯಾಲ ಯಾಕ ಹೊರಸ್ತೀರಿ?



ಬರಹ ಸ್ವಲ್ಪ ಉದ್ದ ಆಗ್ಯಾದ. ಮನ್ಯಾಗ ಸಣ್ಣ ಕೂಸು, ಬಾಣಂತಿ ಇದ್ದವರು ಪೂರ್ತಿ ಓದ್ರಿ. ಉಳಿದವರೂ ಓದ್ರಿ, ಯಾಕಂದ್ರ ಇದು ಬರೀ ಕೂಸಿನ ಮಾತಲ್ಲ.

ಹೋದ ವಾರ ರಾತ್ರಿ ಹನ್ನೊಂದರ ಸುಮಾರಿಗೆ ಜೇವರ್ಗಿ ಕಡಿಯ ನಮ್ಮ ಸಂಘಟನೆಯ ಒಬ್ಬ ಹುಡುಗ ಫೋನ್ ಮಾಡಿದ. ಹಿಂದ ಕೂಸು ಅಳೋ ಸಪ್ಪಳ. "ಅಣ್ಣಾ, ಎರಡು ತಿಂಗಳ ಕೂಸು, ಕುಡಿದಿದ್ದೆಲ್ಲಾ ಕಕ್ಕತದ. ಮನ್ಯಾಗ ಎಲ್ಲಾರೂ ನಮ್ಮಾಕಿಗೇ ಬೈಲಾಕತ್ಯಾರ, ತತ್ತಿ ತಿಂದಿದ್ದಕ್ಕ ಹಿಂಗಾಗ್ಯಾದ ಅಂತ. ನಿಮ್ಮ ಸಣ್ಣಾಕಿಗೂ ಹಿಂಗೇ ಆಗಿತ್ತಲ್ಲ, ಯಾವ ಔಷಧ ಕೊಟ್ಟಿದ್ರಿ? ಹೆಸರು ವಾಟ್ಸಾಪ್ ಮಾಡ್ರಿ" ಅಂದ.

ನಾ ಹೆಸರು ಹೇಳಲಿಲ್ಲ. "ಕೂಸಿನ ತೂಕ ಎಷ್ಟದ?" ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಎ. ಓದಿ ಅಫಜಲಪುರದಾಗ ಗುಮಾಸ್ತನ ಕೆಲಸ ಮಾಡುವವ. ಫೈಲು ಬರೆಯೋದು, ಸಂಜೆ ಸಂಘಟನೆಯ ಕೆಲಸ, ಇಷ್ಟೇ ನನ್ನ ಬದುಕು. ಹುಟ್ಟಿದ್ದು ಆಳಂದ ತಾಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ. ಹೆಂಡತಿಯ ತವರು ಜೇವರ್ಗಿ ತಾಲೂಕು. ದೊಡ್ಡ ಮಗಳು ಶಾಲೆಗೆ ಹೋಗುವಾಗ, ನನಗೆ ನಲವತ್ತು ದಾಟಿದ ಮೇಲೆ ಸಣ್ಣಾಕಿ ಹುಟ್ಟಿದಳು. ಹೆರಿಗೆ ತವರಿನ ಕಡೆ ಆಯಿತು. ಕೂಸಿನ ತೂಕ 2.7 ಕೆ.ಜಿ. ಎಲ್ಲಾ ಬರೋಬ್ಬರಿ ಇತ್ತು.

ನಮ್ಮವ್ವ ನನ್ನ ಹಡೆದಾಗ ಬಾಣಂತನದಾಗ ಅವಳಿಗೆ ಸಿಕ್ಕಿದ್ದು ಕಟಕ್ ರೊಟ್ಟಿ, ಖಾರಪುಡಿ, ಹಾಲಿಲ್ಲದ ಚಹಾ. ಗೌಡರ ಮನಿಯಾಗ ದನದ ಸಗಣಿ ಬಳಿಯುವಾಕಿ ಅವಳು, ಆ ದನದ ಹಾಲು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಅದು ನನ್ನ ಮನಸ್ಸಿನಾಗ ಉಳಿದಿತ್ತು. ಅದಕ್ಕ ಹೆಂಡತಿಗೆ ದಿನಾ ಒಂದು ಲೀಟರ್ ಹಾಲು ವರ್ತನೆ ಹಚ್ಚಿದೆ. ಮುಂಜಾನೆ ಹಾಲು, ರಾತ್ರಿ ಹಾಲು, ನಡುವೆ ಮೊಸರು, ತುಪ್ಪ ಹಾಕಿದ ಅಂಟಿನುಂಡಿ. ನನ್ನ ಮಗಳ ತಾಯಿ ಹಾಲು ಕುಡಿಯಬೇಕು ಅನ್ನೋದು ನನಗೆ ಹಟ ಆಗಿತ್ತು. ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಬರ್ತದ.

ಮೂರನೇ ವಾರದಿಂದ ಕೂಸು ಕಕ್ಕಲು ಶುರು ಮಾಡಿತು. ಕುಡಿದ ಮ್ಯಾಲ ಬಾಯಿಂದ ಹಾಲು ಸುರೀತಿತ್ತು, ಒಮ್ಮೊಮ್ಮೆ ಮೊಸರಿನಂಗ ಒಡೆದು ಬರ್ತಿತ್ತು. ಎರಡು ತಿಂಗಳು ಕಳೆಯುವ ಹೊತ್ತಿಗೆ ಮೊಲೆಗೆ ಬಾಯಿ ಹಚ್ಚಿದ ಕೂಡಲೇ ಬೆನ್ನು ಬಿಲ್ಲಿನಂಗ ಬಾಗಿಸಿ ಚೀರುತ್ತಿತ್ತು. ರಾತ್ರಿ ಎಲ್ಲಾ ಅಳು.

ಆಗ ಶುರುವಾಯಿತು ನೋಡ್ರಿ ಪಂಚಾಯ್ತಿ. ಒಬ್ಬರು ದೃಷ್ಟಿ ಅಂದರು. ಒಬ್ಬರು ಎದಿಹಾಲು ಕೆಟ್ಟದ ಅಂದರು. ಒಬ್ಬಾಕಿ ಬಜೆ ತೇಯ್ದು ಜೇನುತುಪ್ಪದಾಗ ನೆಕ್ಕಿಸು ಅಂದಳು. (ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬಾರದು, ಅದರಿಂದ ನರಗಳಿಗೆ ಬಡಿಯುವ ವಿಷಬಾಧೆ ಆಗಬಹುದು ಅಂತ ನನಗೆ ಆಮೇಲೆ ಗೊತ್ತಾಯ್ತು.) ಓಣಿಯ ಹಿರಿಯರೊಬ್ಬರು ಹೊಟ್ಟಿ ಮ್ಯಾಲ ಚುಟಿಗಿ ಕೊಡಿಸ್ರಿ ಅಂದರು. ಚುಟಿಗಿ ಅಂದ್ರ ಕಾಸಿದ ಕಬ್ಬಿಣದಿಂದ ಎಳೆ ಕೂಸಿನ ಚರ್ಮ ಸುಡೋದು. ನನ್ನ ಹೊಟ್ಟಿ ಮ್ಯಾಲ ಇವತ್ತಿಗೂ ಎರಡು ಕಲೆ ಅವ. ಇದಕ್ಕ ಮಾತ್ರ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಕೂಸಿಗಿ ಯಾರಾರ ಕಬ್ಬಿಣ ತೋರಿಸಿದ್ರ ಪೊಲೀಸರಿಗಿ ಹೇಳ್ತೀನಿ" ಅಂದಳು.

ಎಲ್ಲಕ್ಕಿಂತ ಚುಚ್ಚಿದ ಮಾತು ಬಂದದ್ದು ಓದಿದವರಿಂದ. ನಿದ್ದಿಗೆಟ್ಟ ನನ್ನ ಮುಖ ನೋಡಿ ಪರಿಚಯದ ಒಬ್ಬರು ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರು ನಗುತ್ತಲೇ ಅಂದರು, "ನಿಮ್ಮ ಮಂದಿ ಊಟಾನೇ ಹಂಗ ಅಲ್ರೀ. ಖಾರ, ತತ್ತಿ, ಮಾಂಸ. ಅದೆಲ್ಲಾ ಹಾಲಿನ್ಯಾಗ ಇಳೀತದ, ಕೂಸಿಗಿ ಹೆಂಗ ಪಚನ ಆಗ್ಬೇಕು? ಒಂದು ಮೂರು ತಿಂಗಳು ಹಾಲು, ಅನ್ನ, ತುಪ್ಪ ಅಷ್ಟೇ ಕೊಡ್ರಿ, ಸಾತ್ವಿಕ."

ನಾಚಿಕೆಯ ಸಂಗತಿ ಏನಂದ್ರ, ವೇದಿಕೆ ಮ್ಯಾಲ ಆಹಾರದ ಹಕ್ಕಿನ ಬಗ್ಗೆ ಭಾಷಣ ಮಾಡುವ ನಾನು ಆ ಮಾತಿಗೆ ಉತ್ತರ ಕೊಡಲಿಲ್ಲ. ಮನಿಗೆ ಬಂದು ಹೆಂಡತಿಗೆ, "ಒಂದಿಷ್ಟು ದಿನ ತತ್ತಿ, ಮಟನ್ ಬಿಡು" ಅಂದೆ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ, ಬಿಟ್ಟಳು. ಹಾಲು ಮಾತ್ರ ಜಾಸ್ತಿ ಆಯಿತು.

2021ರ ಡಿಸೆಂಬರಿನಾಗ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ತತ್ತಿ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ದು ನಿಮಗೆ ನೆನಪಿರಬೇಕು. ಆಗ ನಾವು ಮನವಿ ಪತ್ರ ಕೊಟ್ಟಿದ್ದೆವು, ಘೋಷಣೆ ಕೂಗಿದ್ದೆವು. ಅಂಥ ನಾನೇ ನನ್ನ ಬಾಣಂತಿ ಹೆಂಡತಿಯ ತಾಟಿನಿಂದ ತತ್ತಿ ತೆಗೆಸಿದೆ. ಮಡಿವಂತಿಕೆ ನಮ್ಮೊಳಗೂ ಹೆಂಗ ಕೂತಿರ್ತದ ನೋಡ್ರಿ.

ತಾಲೂಕಿನ ಒಂದು ಖಾಸಗಿ ದವಾಖಾನಿಗೆ ಹೋದೆವು. ಡಾಕ್ಟರು ಟೇಬಲ್ಲಿನ ಆಚೆಯಿಂದಲೇ ನೋಡಿದರು. ಕೂಸಿನ ಬಟ್ಟೆ ಬಿಚ್ಚಲಿಲ್ಲ, ತೂಕ ಹಾಕಲಿಲ್ಲ, ಹೊಟ್ಟಿ ಮುಟ್ಟಲಿಲ್ಲ. ನಾಲ್ಕು ಬಾಟ್ಲಿ ಬರೆದರು: ಗ್ಯಾಸಿಗೊಂದು, ವಾಂತಿಗೊಂದು, ಆಸಿಡಿಗೊಂದು, ಪಚನಕ್ಕೊಂದು. ಎಷ್ಟು ದಿನ ಅಂದ್ರ, "ಕಮ್ಮಿ ಆಗೂ ಮಟ." ಹೊರಗ ಔಷಧ ಅಂಗಡಿಯವ "ಎದಿಹಾಲು ಆಗಿ ಬರಲಿಲ್ಲಂದ್ರ ಡಬ್ಬಿ ಹಾಲು ಒಯ್ರಿ" ಅಂದ.

ನಮ್ಮ ಜಾತಿ ಗೊತ್ತಾಗಿ ಅವರು ಮುಟ್ಟಲಿಲ್ಲ ಅಂತ ನಾ ಹೇಳಂಗಿಲ್ಲ. ಸಾಲಿನಾಗ ನಿಂತ ಎಲ್ಲಾರನ್ನೂ ಅವರು ಹಂಗೇ ನೋಡಿ ಕಳಿಸ್ತಿದ್ದರು. ಆದರೂ ಬಸ್ಸಿನಾಗ ವಾಪಸ್ ಬರುವಾಗ ನನಗೆ ಬಾಬಾಸಾಹೇಬರು "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ದಾಖಲು ಮಾಡಿದ 1929ರ ಕಾಠಿಯಾವಾಡದ ಪ್ರಸಂಗ ನೆನಪಾಯಿತು. ಅಸ್ಪೃಶ್ಯ ಶಾಲಾ ಮಾಸ್ತರರೊಬ್ಬರ ಹೆಂಡತಿ ಹಡೆದು ಎರಡೇ ದಿನಕ್ಕೆ ಜಡ್ಡು ಬೀಳ್ತಾಳ. ಡಾಕ್ಟರ್ ಕೇರಿಗೆ ಬರಲ್ಲ ಅಂತಾನ. ಎರಡು ರೂಪಾಯಿ ಫೀಸು ಕೊಟ್ಟು, ಕೈಮುಗಿದು ಕರೆತಂದ ಮ್ಯಾಲ ಬಾಣಂತಿಯನ್ನು ಕೇರಿಯ ಹೊರಗ ತರಿಸಿ ನೋಡ್ತಾನ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮರ ಕೈಗೆ ಕೊಡ್ತಾನ, ಅವರು ಮಾಸ್ತರರ ಕೈಗೆ, ಮಾಸ್ತರರು ಹೆಂಡತಿಗೆ. ಮುಟ್ಟದೆಯೇ ಔಷಧ. ಆ ತಾಯಿ ಉಳಿಯಲಿಲ್ಲ. ಆ ಕಥಿ ಓದಿದ ನಮ್ಮಂಥವರಿಗೆ, ಕೂಸನ್ನು ಮುಟ್ಟದೆ ಬರೆದ ಚೀಟಿ ಕೈಯಾಗ ಹಿಡಿದಾಗ ಕೈ ಭಾರ ಆಗ್ತದ. ಕಾರಣ ಯಾವುದೇ ಇರಲಿ.

ನಾಲ್ಕೂ ಬಾಟ್ಲಿ ಹಾಕಿದೆವು. ಕೂಸು ಔಷಧಾನೂ ಕಕ್ಕಿತು.

ನಮ್ಮನ್ನು ಎಚ್ಚರ ಮಾಡಿದಾಕಿ ಒಬ್ಬ ಆಶಾ ಕಾರ್ಯಕರ್ತೆ. 14ನೇ ವಾರದ ಲಸಿಕೆಗೆ ಹೋದಾಗ ತೂಕ ಹಾಕಿ, ತಾಯಿ ಕಾರ್ಡ್ ತೆಗೆದು, ಚುಕ್ಕಿ ಇಟ್ಟು ಗೆರಿ ಎಳೆದಳು. ಆರನೇ ವಾರ 3.8 ಕೆ.ಜಿ., ಹತ್ತನೇ ವಾರ 4.5, ಈಗ 4.6. "ಅಣ್ಣಾ, ಈ ವಯಸ್ಸಿನ್ಯಾಗ ಕೂಸು ದಿನಕ್ಕ ಇಪ್ಪತ್ತು ಮೂವತ್ತು ಗ್ರಾಮ್ ಹೆಚ್ಚಾಗ್ಬೇಕು. ನಿಮ್ಮದು ತಿಂಗಳಿಗಿ ನೂರು ಗ್ರಾಮ್ ಆಗ್ಯಾದ. ಹಸಿರು ಬಿಟ್ಟು ಹಳದಿಗಿ ಬರ್ಲಾಕತ್ತದ. ಬಾಟ್ಲಿ ಬಿಡ್ರಿ, ಮೊದಲು ಈ ಗೆರಿ ನೋಡ್ರಿ. ನಾಳಿಗೇ ಕಲಬುರಗಿಗಿ ಹೋಗ್ರಿ" ಅಂದಳು. ಲಂಗೋಟಿ ಬಿಚ್ಚಿಸಿ ನೋಡಿದಳು. ಮಲದಾಗ ಲೋಳೆ, ಅದರಾಗ ದಾರದಂಥ ಕೆಂಪು. ನಾವು ಅದನ್ನ ಉಷ್ಣ ಅಂದುಕೊಂಡಿದ್ದೆವು.

ನಾಲ್ಕು ಬಾಟ್ಲಿ ಬರೆದವರಿಗೆ ಕಾಣದ್ದು ಅವಳಿಗೆ ಕಂಡಿತು, ಯಾಕಂದ್ರ ಅವಳು ತೂಗಿದಳು, ಮುಟ್ಟಿ ನೋಡಿದಳು. ಇಂಥ ಹೆಣ್ಣುಮಕ್ಕಳೇ 2025ರ ಜನವರಿಯ ಚಳಿಯಾಗ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಾಗ ಕುಂತಿದ್ದು.

ಕಲಬುರಗಿಯ ದೊಡ್ಡ ಸರ್ಕಾರಿ ದವಾಖಾನಿಯ ಮಕ್ಕಳ ಡಾಕ್ಟರು ಕೂಸನ್ನು ಪೂರ್ತಿ ಬಿಚ್ಚಿ ತೂಗಿಸಿದರು. ನೆತ್ತಿ, ಹೊಟ್ಟಿ ಮುಟ್ಟಿ ನೋಡಿದರು. ಅಲ್ಲೇ ಕೂಡ್ರಿಸಿ ಹಾಲು ಕುಡಿಸಿ ಅಂದರು, ಕುಡಿಯೋದನ್ನ ಹತ್ತು ನಿಮಿಷ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನ ನನ್ನ ಭಾಷ್ಯಾಗ ಹೇಳ್ತೀನಿ.

ಅನ್ನನಾಳ ಹೊಟ್ಟಿಗೆ ಕೂಡುವ ಜಾಗದಾಗ ಒಂದು ಬಿಗಿಯಾದ ಬಾಯಿ ಇರ್ತದ. ಎಳೆ ಕೂಸಿಗೆ ಅದು ಇನ್ನೂ ಸಡಿಲ. ಊಟ ಪೂರಾ ನೀರಿನಂಗ, ಕೂಸು ಮಲಗೇ ಇರ್ತದ, ಹಿಂಗಾಗಿ ಹಾಲು ಮ್ಯಾಲ ಬರ್ತದ. ಹುಟ್ಟಿದ ಕೆಲವು ವಾರಕ್ಕ ಶುರುವಾಗಿ, ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಾಗಿ, ವರ್ಷ ಒಂದೂವರಿ ವರ್ಷದೊಳಗ ಬಹುತೇಕ ಕೂಸುಗಳಿಗೆ ತಾನೇ ನಿಲ್ತದ. ಕಕ್ಕಿದರೂ ಕೂಸು ನಗುತ್ತಾ ಇದ್ರ, ತೂಕ ಏರ್ತಾ ಇದ್ರ, ಅದು ಜಡ್ಡಲ್ಲ. ಅದಕ್ಕ ಔಷಧ ಬೇಕಿಲ್ಲ, ಬೇಕಾಗಿದ್ದು ಒಂದು ಒಣ ಟವೆಲ್ಲು. ತೂಕ ನಿಂತ್ರ, ಕುಡಿಯಲಾರದೆ ಚೀರಿದ್ರ, ರಕ್ತ ಕಂಡ್ರ, ಆಗ ಹುಡುಕಿ ನೋಡಬೇಕು.

ಗಲ್ಲದ ಮ್ಯಾಲಿನ ಒರಟು ಗಂಧಿ, ಮಲದಾಗಿನ ರಕ್ತ ನೋಡಿ ಅವರು ಕೇಳಿದರು, "ಬಾಣಂತಿ ಏನು ತಿಂತಾಳ?"

ನಾ ತಲಿ ತಗ್ಗಿಸಿ, "ತತ್ತಿ, ಮಾಂಸ ಎಲ್ಲಾ ಬಿಡಿಸೀವ್ರಿ ಸರ್. ಬರೀ ಹಾಲು, ಅನ್ನ, ತುಪ್ಪ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ತತ್ತಿ ಬಿಡಿಸಲಿಕ್ಕ ಯಾರು ಹೇಳಿದ್ರು? ಹಾಲು ಬಿಡಿಸ್ರಿ."

ಕೆಲವು ಕೂಸುಗಳಿಗೆ, ನೂರರಾಗ ಎರಡೋ ಮೂರಕ್ಕೋ, ಆಕಳು-ಎಮ್ಮಿ ಹಾಲಿನ ಪ್ರೋಟೀನು ಒಗ್ಗಲ್ಲ. ತಾಯಿ ಕುಡಿದ ಹಾಲಿನ ಆ ಪ್ರೋಟೀನು ಸ್ವಲ್ಪ ಎದಿಹಾಲಿನಾಗ ಬರ್ತದ. ಬರೀ ತಾಯಿ ಹಾಲು ಕುಡಿಯುವ ಕೂಸಿಗೆ ಇದು ಇನ್ನೂ ಅಪರೂಪ, ಆದರ ಆಗ್ತದ. ಆದ್ದರಿಂದ ಎದಿಹಾಲು ನಿಲ್ಲಿಸಬಾರದು, ತಾಯಿಯ ತಾಟಿನಿಂದ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಪೇಢಾ, ಬಿಸ್ಕೀಟು ತೆಗೆದು ಎರಡರಿಂದ ನಾಲ್ಕು ವಾರ ನೋಡಬೇಕು. ಅಂಗಡಿಯವ ಕೊಡಲಿಕ್ಕ ಬಂದಿದ್ದ ಡಬ್ಬಿ ಪುಡಿನೂ ಆಕಳ ಹಾಲಿಂದೇ ಮಾಡಿದ್ದು! ಅದನ್ನ ಕೊಟ್ಟಿದ್ರ ಏನಾಗ್ತಿತ್ತೋ. ಡಬ್ಬಿ ಹಾಲಿನ ಜಾಹೀರಾತು, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಕೊಡೋದು 1992ರ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ತಿಳಿದುಕೊಂಡಿರ್ರಿ.

ಮನಿಗೆ ಬಂದು ಹಾಲಿನವನಿಗೆ ನಾಳಿಂದ ಬ್ಯಾಡ ಅಂದಾಗ ನನ್ನ ಕಣ್ಣಾಗ ನೀರು ಬಂತು. ಖರೇ ಹೇಳ್ತೀನಿ. ನಮ್ಮವ್ವಗ ಸಿಗಲಾರದ್ದನ್ನ ಕೊಡಿಸೀನಿ ಅನ್ನೋ ನನ್ನ ಅಭಿಮಾನ ಆ ತಪೇಲಿಯಾಗಿತ್ತು. ಆದರ ಕೂಸಿನ ಹೊಟ್ಟಿಗೆ ನನ್ನ ಅಭಿಮಾನ ಪಚನ ಆಗಬೇಕಲ್ಲ!

ಹಾಲು ಬಿಟ್ಟ ಬಾಣಂತಿ ಏನು ತಿನ್ನಬೇಕು? ಡಾಕ್ಟರು ಬರೆದ ಪಟ್ಟಿ ನೋಡಿ ನಮ್ಮವ್ವ ನಕ್ಕಳು: "ಇದು ನಮ್ಮ ಊಟಾನೇ ಅಲ್ಲೇನೋ!" ಜೋಳದ ರೊಟ್ಟಿ, ತೊಗರಿ ಬ್ಯಾಳಿ, ನುಗ್ಗೆ ಸೊಪ್ಪು, ಮೆಂತ್ಯ ಪಲ್ಯ, ಎಳ್ಳಿನ ಹಿಂಡಿ, ಶೇಂಗಾ, ರಾಗಿ ಅಂಬಲಿ, ತತ್ತಿ, ಮೀನು, ಮಟನ್. ಸುಣ್ಣದಂಶಕ್ಕ ಎಳ್ಳು, ರಾಗಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಜೊತಿಗೆ ಸರ್ಕಾರಿ ಕ್ಯಾಲ್ಸಿಯಂ ಗುಳಿಗಿ. ಭೀಮಾ ನದಿ ಮೀನು ಅಫಜಲಪುರ, ಜೇವರ್ಗಿ ಎರಡೂ ಕಡೆ ಸಿಗ್ತದ. ಅಂಗನವಾಡಿಯ ಮಾತೃಪೂರ್ಣ ಊಟದಾಗ ಅವಳಿಗೆ ಕೊಡುವ ಹಾಲನ್ನು ದೊಡ್ಡ ಮಗಳಿಗೆ ಕೊಟ್ಟು, ತತ್ತಿ ತಾನು ತಿಂದಳು. ತಾಟು ನೋಡಿ ಒಂದೇ ಮಾತು ಅಂದಳು: "ಈಗ ತಿನ್ನಬಹುದಲ್ಲ?" ಆ ಮಾತಿಗೆ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ತಪ್ಪು ತಿಳಿಬ್ಯಾಡ್ರಿ. ಹಾಲು ಕೆಟ್ಟದ್ದು, ತತ್ತಿ ಒಳ್ಳೇದು ಅಂತ ನಾ ಹೇಳಲ್ಲ. ಇನ್ನೊಂದು ಕೂಸಿಗೆ ತತ್ತಿಯೇ ಒಗ್ಗದೆ ಇರಬಹುದು. ಆದರ ಅದನ್ನ ಹೇಳಬೇಕಾದ್ದು ಕೂಸಿನ ಮೈ ಮತ್ತು ಪರೀಕ್ಷೆ ಮಾಡಿದ ಡಾಕ್ಟರು. ತಿನ್ನುವವರ ಜಾತಿ ನೋಡಿ ಇದು ಶುದ್ಧ, ಅದು ಹೊಲಸು ಅಂತ ಹೇಳುವವರಲ್ಲ.

ಎರಡು ವಾರದಾಗ ರಕ್ತ ನಿಂತಿತು, ಕಕ್ಕೋದು ಅರ್ಧ ಆಯಿತು. ಆದರ ಕುಡಿಯುವಾಗಿನ ಚೀರಾಟ ಉಳಿದಿತ್ತು. ಮ್ಯಾಲ ಬಂದ ಆಸಿಡ್ಡು ಅನ್ನನಾಳ ಸುಟ್ಟಿರಬಹುದು ಅಂತ ಆಗ ಡಾಕ್ಟರು ಹೊಟ್ಟಿ ಆಸಿಡ್ ಕಮ್ಮಿ ಮಾಡುವ ಒಂದೇ ಔಷಧ ಕೊಟ್ಟರು. ಡೋಸು ತೂಕದ ಲೆಕ್ಕದಾಗ, ದಿನಕ್ಕ ಒಮ್ಮೆ, ಹಾಲು ಕುಡಿಸೋ ಅರ್ಧ ತಾಸು ಮುಂಚೆ. ಚೀಟಿ ಮ್ಯಾಲ ನಿಲ್ಲಿಸುವ ತಾರೀಖನ್ನೂ ಬರೆದರು. ನಾಲ್ಕು ವಾರ, ಅಷ್ಟೇ. "ಹೊಟ್ಟ್ಯಾಗಿನ ಆಸಿಡ್ಡು ಸುಮ್ಮನೇ ಇರಲ್ಲ, ಕ್ರಿಮಿ ಕೊಲ್ತದ. ಅದನ್ನ ಬಹಳ ದಿನ ತಡೆದ್ರ ಭೇದಿ, ನ್ಯುಮೋನಿಯಾ ಆಗೋ ಅಪಾಯ ಹೆಚ್ಚು" ಅಂದರು. ಹಳೇ ನಾಲ್ಕೂ ಬಾಟ್ಲಿ ಬಂದ್ ಮಾಡಿಸಿದರು. ವಾಂತಿಗೆ ಅಂತ ಕೊಡುವ ಡೊಂಪೆರಿಡೋನ್ ಹೃದಯದ ಬಡಿತ ಏರುಪೇರು ಮಾಡಬಹುದು ಅಂತ ಯುರೋಪಿನಾಗ 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕ್ಯಾರ. ಆಸಿಡಿಗೆ ನಾವೆಲ್ಲಾ ಪೆಪ್ಪರಮೆಂಟಿನಂಗ ನುಂಗುತ್ತಿದ್ದ ರಾನಿಟಿಡಿನ್ ಅನ್ನು ಅಮೆರಿಕದಾಗ 2020ರಲ್ಲಿ ವಾಪಸ್ ತೆಗೆಸಿದರು, ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಟ್ಟರು. ಅದಕ್ಕೇ ಹೇಳೋದು, ವಾಟ್ಸಾಪಿನಾಗ ಔಷಧದ ಹೆಸರು ಕೇಳಬ್ಯಾಡ್ರಿ, ಕೊಡಬ್ಯಾಡ್ರಿ.

ಇನ್ನು ಮೂರನೇ ಔಷಧ. ಅದಕ್ಕ ರೊಕ್ಕ ಬೇಕಿಲ್ಲ. ಒಮ್ಮೆಲೇ ಹೊಟ್ಟಿಬಿರಿ ಕುಡಿಸದೆ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕುಡಿಸೋದು. ನಡುವೆ ತೇಗು ತೆಗೆಸೋದು. ಕುಡಿದ ಮ್ಯಾಲ ಇಪ್ಪತ್ತು ಮೂವತ್ತು ನಿಮಿಷ ಕೂಸನ್ನು ಹೆಗಲ ಮ್ಯಾಲ ನೆಟ್ಟಗ ಹಿಡಿಯೋದು. ಕೂಡಲೇ ಸೀರಿ ಜೋಳಿಗ್ಯಾಗ ಮುದುಡಿ ಹಾಕದೆ ಇರೋದು, ಹೊಟ್ಟಿಗೆ ಬಿಗಿಯಾಗಿ ಬಟ್ಟಿ ಕಟ್ಟದೆ ಇರೋದು. ಮಲಗಿಸುವಾಗ ಮಾತ್ರ ಬೆನ್ನಿನ ಮ್ಯಾಲ, ಸಮತಟ್ಟು ಹಾಸಿಗಿ ಮ್ಯಾಲ, ದಿಂಬಿಲ್ಲದೆ. ಕಕ್ಕತದ ಅಂತ ಬೋರಲು ಮಲಗಿಸೋದು ಅಪಾಯ.

ಒಂದು ರಾತ್ರಿ ಎರಡು ಗಂಟೆಗೆ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ತೂಕಡಿಸುತ್ತಾ ನಿಂತಿದ್ದಳು. ಗ್ವಾಡಿಗೆ ಹಣಿ ಬಡಿಯಿತು. ನಾನು ಎದ್ದು "ಏನಾಯ್ತು" ಅಂದೆ. ಅವಳು ಸಿಟ್ಟಿಲ್ಲದೆ ಅಂದಳು, "ಸ್ಟೇಜಿನ ಮ್ಯಾಲ ಸಾವಿತ್ರಿಬಾಯಿ ಬಗ್ಗೆ ತಾಸುಗಟ್ಟಲೆ ಮಾತಾಡ್ತೀರಿ. ಕೂಸು ಹಿಡಿಲಿಕ್ಕ ಅರ್ಧ ತಾಸು ಸಿಗಲ್ಲೇನು?"

ಅವತ್ತಿನಿಂದ ರಾತ್ರಿ ಪಾಳಿ ನನ್ನದು. ಜೇವರ್ಗಿಯಿಂದ ಇಬ್ಬರನ್ನೂ ಅಫಜಲಪುರಕ್ಕೆ ಕರಕೊಂಡು ಬಂದೆ. ಕುಡಿಸೋದು ಅವಳು, ಹಿಡಿಯೋದು ನಾನು. ಎರಡು ತಿಂಗಳು ನನ್ನ ಎಲ್ಲಾ ಅಂಗಿಯ ಎಡ ಹೆಗಲು ಹುಳಿ ವಾಸನೆ ಹೊಡೀತಿತ್ತು. ಕೆಲವು ಸಭೆ ತಪ್ಪಿದವು, ಸಂಘಟನೆಯ ಗೆಳೆಯರು ಬೈದರು. ಆದರ ಒಂದು ಮಾತು ಹೇಳ್ತೀನಿ. ಊರು ಮುಟ್ಟಲಾರದ ಜಾತ್ಯಾಗ ಹುಟ್ಟಿದ ಒಂದು ಕೂಸು ನನ್ನ ಎದಿಗೆ ಆತು ಉಸಿರಾಡೋದನ್ನ ಕೇಳ್ತಾ ನಿಂತ ಆ ರಾತ್ರಿಗಳನ್ನ ನಾನು ಚಳವಳಿಯ ಲೆಕ್ಕದಾಗೇ ಹಿಡೀತೀನಿ.

ಔಷಧ ತಾರೀಖಿಗೆ ಸರಿಯಾಗಿ ನಿಲ್ಲಿಸಿದೆವು. ಆಮೇಲೆ ಡಾಕ್ಟರು ಹೇಳಿದಂತೆ ಹೆಂಡತಿ ಮತ್ತೆ ಹಾಲು, ಮೊಸರು ತಿಂದು ನೋಡಿದಳು, ಊಹೆ ಖರೇ ಹೌದೋ ಅಲ್ಲೋ ತಿಳಿಯಲಿಕ್ಕ. ಮೂರನೇ ದಿನಕ್ಕ ಕಕ್ಕೋದು ಹೆಚ್ಚಾಯ್ತು, ಕೆಂಪು ದಾರ ಮತ್ತೆ ಕಂಡಿತು. ಬಿಟ್ಟಳು, ನಿಂತಿತು. ಐದೂವರಿ ತಿಂಗಳಿಗೆ ಕೂಸಿನ ತೂಕ 5.8 ಕೆ.ಜಿ. ಗೆರಿ ತಿರುಗಿ ಹಸಿರಿಗೆ ಬಂತು. ವರ್ಷ ತುಂಬಿದ ಮ್ಯಾಲ ಡಾಕ್ಟರ ಮುಂದ ಸ್ವಲ್ಪ ಸ್ವಲ್ಪ ಹಾಲು ಶುರು ಮಾಡಿದೆವು, ಒಗ್ಗಿತು. ಈಗ ಮೂರು ವರ್ಷದ ನಮ್ಮ ಸಣ್ಣಾಕಿ ಮೊಸರಿಲ್ಲದೆ ರೊಟ್ಟಿ ಮುಟ್ಟಲ್ಲ. ತತ್ತಿಗೂ ಜಗಳ ಮಾಡ್ತಾಳ.

ಗೆಳೆಯರೇ, ಬಾಬಾಸಾಹೇಬರು ಮತ್ತು ರಮಾಬಾಯಿಯವರ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ನಾಲ್ಕು ಕೂಸುಗಳನ್ನು ಮಣ್ಣಿಗಿಟ್ಟ ತಂದೆ ಅವರು. ಅವರೇ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಮಾತಾಡಿದರು. ಬಾಣಂತಿಯ ತಾಟು, ಕೂಸಿನ ತೂಕ ಹೆಂಗಸರ ಮಾತು, ಚಳವಳಿಯ ಮಾತಲ್ಲ ಅಂತ ನಮ್ಮಾಗ ಯಾರಾದರೂ ಅಂದ್ರ, ಇದನ್ನ ನೆನಪು ಮಾಡಿ ಕೊಡ್ರಿ.

ಕೊನೆಗೆ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ರಿ. ಕೂಸಿಗೆ ಇವುಗಳಲ್ಲಿ ಯಾವುದೇ ಒಂದು ಕಂಡ್ರೂ ತಡ ಮಾಡದೆ ದವಾಖಾನಿಗೆ ಓಡ್ರಿ:

– ವಾಂತಿ ಹಸಿರು ಬಣ್ಣದ್ದು ಇದ್ರ, ರಕ್ತ ಇದ್ರ
– ಹಾಲು ಪಿಚಕಾರಿಯಂಗ ದೂರ ಚಿಮ್ಮುತ್ತಿದ್ರ, ಅದೂ ಮೊದಲ ಎರಡು ತಿಂಗಳಾಗ
– ಮಲದಾಗ ರಕ್ತ ಇದ್ರ
– ಹೊಟ್ಟಿ ಉಬ್ಬಿ ಬಿಗಿ ಆಗಿದ್ರ
– ಜ್ವರ ಇದ್ರ, ನೆತ್ತಿ ಉಬ್ಬಿದ್ರ, ಕೂಸು ಮಂಕಾಗಿ ಎಚ್ಚರ ಆಗದೆ ಇದ್ರ
– ಉಚ್ಚಿ ಕಮ್ಮಿ ಆದ್ರ, ಕುಡಿಯೋದೇ ಬಿಟ್ರ
– ತಾಯಿ ಕಾರ್ಡಿನ ಗೆರಿ ಮಲಗಿದ್ರ

ಇವು ಯಾವೂ ಇಲ್ಲಂದ್ರ, ತೂಕ ಏರ್ತಿದ್ರ, ಕೂಸನ್ನ ನೆಟ್ಟಗ ಹಿಡೀರಿ, ತಾಯಿಗಿ ಹೊಟ್ಟಿ ತುಂಬ ಉಣ್ಣಿಸ್ರಿ, ಧೈರ್ಯ ಹೇಳ್ರಿ. ತಾಟಿನಿಂದ ಏನಾದರೂ ತೆಗೆಯೋ ಮುಂಚೆ ಡಾಕ್ಟರನ್ನ ಕೇಳ್ರಿ.

ಆ ಹುಡುಗ ನಿನ್ನೆ ತಾಯಿ ಕಾರ್ಡಿನ ಫೋಟೊ ಕಳಿಸಿದ್ದ. ಎರಡು ತಿಂಗಳಿಗೆ 4.9 ಕೆ.ಜಿ., ಗೆರಿ ನೆಟ್ಟಗ ಮ್ಯಾಲ ಹೊಂಟದ. ಡಾಕ್ಟರು ಔಷಧ ಏನೂ ಬ್ಯಾಡ ಅಂದು ಕಳಿಸ್ಯಾರಂತ. "ಅಣ್ಣಾ, ಮತ್ತ ತತ್ತಿ?" ಅಂತ ಕೇಳ್ಯಾನ.

"ದಿನಾ ಕೊಡು. ಕುದಿಸಿ ಸಿಪ್ಪಿ ನೀನೇ ಸುಲಿದು ಕೊಡು" ಅಂತ ಬರೆದೀನಿ.

ಜೈಭೀಮ್.